ತೆಗೆದುಹಾಕಲಾಗುವುದು: ಶಿರೀಷಾ

"ಚಳಿ ಆಗ್ತಿದೆ ಕಣೋ... ಬಾಗಿಲು ಹಾಕು."

ರೇಷ್ಮೆ ಹುಳದ ಮನೆಯ ಕತ್ತಲೊಳಗಿಂದ ಆ ಮಾತು ಬಂದಾಗ ಶಿರೀಷಾಳ ಹೆಗಲ ಮೇಲಿದ್ದ ಲ್ಯಾಪ್‌ಟಾಪ್ ಬ್ಯಾಗು ಜಾರಿತು. ಅವಳು ಬೆಚ್ಚಿದ್ದು ಮಾತಿಗಲ್ಲ, ದನಿಗೆ. ಆ ದನಿ ಅವಳದ್ದೇ!

ಅವಳು ಇನ್ನೂ ತುಟಿ ಬಿಚ್ಚಿರಲಿಲ್ಲ.

"ಕೇಳಿಸ್ತಾ ತಾಯಿ?" ಹೊಸ್ತಿಲಾಚೆಯೇ ನಿಂತಿದ್ದ ವೆಂಕಟರತ್ನಮ್ಮ ಕೇಳಿದರು. "ಮೊದ್ಲು ಸೊಪ್ಪು ಹಾಕೋ ಹೊತ್ಗೆ ಮಾತ್ರ ಮಾತಾಡೋಳು. ನೆನ್ನೆಯಿಂದ ಬಿಡ್ದೆ ಇದೇ ಮಾತು. ಏಮೋ, ನಾನಂತೂ ಒಳಕ್ಕೆ ಬರಲ್ಲ. ನನ್ ಮಗ ಇದ್ದಿಲ ಒಲೆ ತರಕ್ಕೆ ಹೋಗವ್ನೆ."

"ಕಂಪ್ಯೂಟರ್ ಎಲ್ಲಿದೆ ಅಮ್ಮ?"

ಶಿರೀಷಾ ಕೇಳಿದ್ದಿಷ್ಟೇ. ವೆಂಕಟರತ್ನಮ್ಮನ ಮುಖ ಬಿಳಿಚಿಕೊಂಡಿತು. ಒಳಗಿನ ದನಿಯೇ ಎದುರು ನಿಂತು ಮಾತಾಡಿದರೆ ಯಾರಿಗೆ ತಾನೇ ಹೆದರಿಕೆಯಾಗುವುದಿಲ್ಲ? ಅವರು ಬೆರಳು ತೋರಿಸಿ ಮನೆಯ ಕಡೆ ನಡೆದುಬಿಟ್ಟರು.

ಚಿಂತಾಮಣಿಯ ರಿಪೇರಿ ಆಫೀಸಿನಲ್ಲಿ ಜಂಗಮಕೋಟೆಯ ಕಂಪ್ಲೇಂಟ್ ಕೈಗೆ ಬಂದಾಗಲೇ ಅವಳ ಎದೆ ಒಂದು ಸಲ ಹೊಡೆದುಕೊಂಡಿತ್ತು. ಅಷ್ಟು ದೊಡ್ಡ ಊರಲ್ಲಿ ಅವನ ಮನೆಯೇ ಸಿಗುತ್ತದೆಯೇ ಎಂದು ಸಮಾಧಾನ ಹೇಳಿಕೊಂಡು ಬಂದಿದ್ದಳು. ಸಿಕ್ಕಿತು, ನೋಡಿ!

ಚೈತನ್ಯ... ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇಬ್ಬರೂ ಸೇರಿ ಹುಳದ ಮನೆಗೊಂದು, ಚಳಿಯಾದರೂ ಮೇವಿನ ಹೊತ್ತಾದರೂ ಹೇಳುವ, ಮಾತಾಡುವ ಯಂತ್ರ ಮಾಡಿದ್ದರು. ದನಿ ಅವಳದು, ಪ್ರೋಗ್ರಾಂ ಅವನದು. ಆಮೇಲೆ, ಗೌರಿಬಿದನೂರಿಗೆ ಬಂದು ಅವಳ ಅಪ್ಪನ ಹತ್ತಿರ ಮದುವೆಯ ಮಾತಾಡುತ್ತೇನೆಂದ ದಿನ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಸಂಜೆಯವರೆಗೆ ಕಾದ ಶಿರೀಷಾ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು.

ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದಳು. ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದಲ್ಲ, ಅದೇ ಜ್ವರ. ತಟ್ಟೆ ತಟ್ಟೆಯಲ್ಲೂ ಸಾವಿರಾರು ತಲೆಗಳು ಮೇಲೆದ್ದಿದ್ದವು. ಎಲ್ಲವೂ ಆ ದನಿಯನ್ನೇ ಕೇಳುತ್ತಿರುವ ಹಾಗಿತ್ತು.

"ಚಳಿ ಆಗ್ತಿದೆ ಕಣೋ..."

'ಸುಮ್ಮನಿರೇ' ಎಂದು ತನಗೆ ತಾನೇ ಗದರಿಕೊಂಡು ಕಂಪ್ಯೂಟರ್ ತೆರೆದಳು. ಕಾಯಿಲೆ ಬೇಗ ಗೊತ್ತಾಯಿತು. ಯಾರೋ ಲಿನಕ್ಸನ್ನು ಅರ್ಧಂಬರ್ಧ ಅಪ್‌ಡೇಟ್ ಮಾಡಿದ್ದರು. ಹೀಟರ್ ನಡೆಸುವ ಪ್ಯಾಕೇಜಿಗೆ, ಅಂದರೆ ಪ್ರೋಗ್ರಾಮಿಗೆ, ಅದು ನೆಚ್ಚಿಕೊಂಡ ಕಡತಗಳ ಹೊಸ ಲೈಬ್ರರಿ ಬೇಕು. ಇನ್ಯಾವುದೋ ಪ್ಯಾಕೇಜು ಹಳೆಯದನ್ನೇ ಬಿಗಿಹಿಡಿದು ಕೂತಿದೆ. ಎರಡರ ಜಗಳದಲ್ಲಿ ಹೀಟರ್ ಸತ್ತುಬಿದ್ದಿದೆ. ರಾತ್ರಿಯ ಚಳಿ ಇಳಿದರೆ ಹುಳ ಒಂದೂ ಉಳಿಯುವುದಿಲ್ಲ.

ರಿಪೇರಿಯ ಕಮಾಂಡ್ ಕೊಟ್ಟಳು. ಪರದೆಯ ಮೇಲೆ ಸಾಲು ಮೂಡಿತು.

*ತೆಗೆದುಹಾಕಲಾಗುವುದು: ಶಿರೀಷಾ. ಮುಂದುವರಿಯಲೇ?*

ಹಳೆಯದನ್ನು ಬಿಗಿಹಿಡಿದಿದ್ದ ಆ ಪ್ಯಾಕೇಜು ಅವಳದೇ ದನಿ, ಅದಕ್ಕೆ ಅವನು ಅವಳ ಹೆಸರನ್ನೇ ಇಟ್ಟಿದ್ದ. ಎರಡು ವರ್ಷದ ಹಿಂದೆ ತಾನೇ ಅವನನ್ನು ಹೀಗೆ ಒಂದು ಗುಂಡಿ ಒತ್ತಿ ತೆಗೆದುಹಾಕಿದ್ದಳಲ್ಲವೇ... ಬೆರಳು ಕೀಲಿಯ ಮೇಲೆ ಹೋಯಿತು.

"ಒತ್ತಬೇಡ."

ಬಾಗಿಲಲ್ಲಿ ಚೈತನ್ಯ ನಿಂತಿದ್ದ. ಕೈಯಲ್ಲಿ ಒಲೆ, ಮುಖದಲ್ಲಿ ದೆವ್ವ ಕಂಡವನ ಗಾಬರಿ.

"ನನ್ನ ದನೀನ ಇಟ್ಕೊಂಡು ಏನ್ ಮಾಡ್ತಿದೀಯ?" ಅವಳ ಸಿಟ್ಟು ಉಕ್ಕಿತು. "ನನ್ನ ಕೇಳಿದ್ಯಾ?"

"ಹೆಂಗ್ ಕೇಳ್ಲಿ? ನೀನು ಬ್ಲಾಕ್ ಮಾಡಿದ್ಯಲ್ಲ."

"ಆವತ್ತು ಬರ್ಲಿಲ್ಲ ನೀನು."

"ಆವತ್ತು ಹುಳ ಹಣ್ಣಾಗಿಬಿಡ್ತು ಶಿರೀಷಾ. ಹಣ್ಣಾದ ಹುಳಾನ ಗೂಡು ಕಟ್ಟೋ ಚಂದ್ರಿಕೆಗೆ ಬಿಡ್ದಿದ್ರೆ ತಟ್ಟೇಲೇ ಕಟ್ಕೊಂಡು ಹಾಳಾಗುತ್ತೆ. ಅಮ್ಮ ಒಬ್ಳೇ ಇದ್ಲು. ಕೈ ತೊಳ್ಕೊಂಡು ಫೋನ್ ನೋಡೋಷ್ಟ್ರಲ್ಲಿ..." ಅವನು ಒಲೆಯನ್ನು ಹೊಸ್ತಿಲಾಚೆ ಇಳಿಸಿದ. "ಆಮೇಲಾದ್ರೂ ಬರ್ಬೇಕಿತ್ತು. ನೀನೇ ಫೋನ್ ಮಾಡ್ಲಿ ಅಂತ ಕೂತೆ. ತಪ್ಪು ನಂದೇ."

ಅವನೇ ಬರಲಿ ಎಂದು ತಾನು ಕೂತಿದ್ದದ್ದು ಶಿರೀಷಾಳಿಗೆ ನೆನಪಾಯಿತು. ಅಳು ಬಂತು. ನಗುವೂ ಬಂತು.

"ಇದನ್ನ ತೆಗೀದೆ ಹೀಟರ್ ಬರಲ್ಲ, ಗೊತ್ತಾ?"

"ಗೊತ್ತು. ಅದಕ್ಕೇ ಒಲೆ ತಂದೆ."

ದಡ್ಡ! ದನಿ ಉಳಿಸಲು ಇಡೀ ಬೆಳೆಯನ್ನೇ ಪಣಕ್ಕಿಟ್ಟಿದ್ದ. ಹೊಗೆ ಕಂಡರೆ ಹುಳಕ್ಕೆ ಆಗುವುದಿಲ್ಲ ಎಂದು ಅವನಿಗೆ ಅವಳು ಹೇಳಿಕೊಡಬೇಕೆ?

ಅವಳು 'ಇಲ್ಲ' ಎಂದು ಒತ್ತಿದಳು. ಹಳೆಯ ಲೈಬ್ರರಿಯನ್ನು ಬೇರೆ ಫೋಲ್ಡರಿನಲ್ಲಿಟ್ಟಳು. ತನ್ನ ದನಿಯನ್ನೂ ಅಲ್ಲಿಗೇ ನಕಲು ಮಾಡಿ, ಅದಕ್ಕೆ ಮಾತ್ರ ಆ ದಾರಿ ತೋರಿಸಿದಳು. ಆಮೇಲೆ ಹೊಸದನ್ನು ಹೀಟರಿಗೆ ಬಿಟ್ಟುಕೊಟ್ಟಳು. ಎರಡೂ ಒಂದೇ ಮನೆಯಲ್ಲಿ, ಜಗಳವಿಲ್ಲದೆ.

ಟಕ್ಕೆಂದು ಹೀಟರ್ ಹೊತ್ತಿಕೊಂಡಿತು. ಸ್ಪೀಕರ್ ಒಮ್ಮೆ ಕರಕರ ಎಂದಿತು.

"ಚೈತನ್ಯ... ನಾನು ಬಂದಿದೀನಿ."

ಶಿರೀಷಾಳ ಮೈ ಜುಮ್ಮೆಂದಿತು. ಈ ಮಾತನ್ನು ಅವಳು ಎಂದೂ ರೆಕಾರ್ಡ್ ಮಾಡಿರಲಿಲ್ಲ.

"ನಾನೇ ಟೈಪ್ ಮಾಡಿಟ್ಟಿದ್ದೆ, ಶುರುವಾದಾಗೆಲ್ಲ ನಿನ್ ದನೀಲಿ ಓದುತ್ತೆ," ಅವನು ತಲೆತಗ್ಗಿಸಿದ. "ಸುಮ್ನೆ... ಕೇಳಕ್ಕೆ."

"ಇನ್ಮೇಲೆ ಅದು ಹುಳದ್ದು ಮಾತ್ರ ಮಾತಾಡ್ಲಿ. ಮಿಕ್ಕಿದ್ದನ್ನ ನನ್ನ ಕೇಳು."

"ಭಾನುವಾರ ಗೌರಿಬಿದನೂರಿಗೆ ಬರ್ಲಾ? ಅಪ್ಪನ ಹತ್ರ ಮಾತಾಡಕ್ಕೆ?"

"ಹುಳ ಹಣ್ಣಾದ್ರೆ?"

"ನೀನೇ ಇಲ್ಲಿಗೆ ಬಾ. ಇಬ್ರೂ ಸೇರಿ ಚಂದ್ರಿಕೆಗೆ ಬಿಟ್ಟು ಹೋಗಣ."

ಅವಳು ಫೋನ್ ತೆಗೆದು ಅವನ ನಂಬರಿನ ಬ್ಲಾಕ್ ತೆಗೆದಳು. ತೆರೆದ ಬಾಗಿಲಿನಿಂದ ಮಂಜು ಒಳಗೆ ಬರುತ್ತಿತ್ತು.

"ಚಳಿ ಆಗ್ತಿದೆ ಕಣೋ... ಬಾಗಿಲು ಹಾಕು."

ಚೈತನ್ಯ ಬೆಚ್ಚಿ ಸ್ಪೀಕರಿನ ಕಡೆ ನೋಡಿದ. ಅದು ಸುಮ್ಮನಿತ್ತು; ಶಿರೀಷಾ ನಗುತ್ತಿದ್ದಳು.