ತೋಳಕ್ಕೆ ಹೆದರದ ಕೆಂಪವ್ವ

ಒಂದೂರಿನಲ್ಲಿ ತೋಳಕ್ಕೂ ಹೆದರದ ಕುರುಬರ ಮುದುಕಿ ಇದ್ದಳಂತೆ. ನನ್ನ ಅಜ್ಜಿಯ ಕತೆಗಳು ಶುರುವಾಗುತ್ತಿದ್ದದ್ದೇ ಹೀಗೆ. ಅಂಥವಳನ್ನು ನಾನು ಕಣ್ಣಾರೆ ಕಂಡದ್ದು ಗೋಕಾಕದ ಒಂದು ಸ್ಕ್ಯಾನ್ ಸೆಂಟರಿನಲ್ಲಿ.

ಅಲ್ಲಿ ಯಂತ್ರ ನಡೆಸುವ ಸಾಹಿರಾ ಅಂದು ಬೆಳಿಗ್ಗೆ ಹುಕ್ಕೇರಿಯ ನಮ್ಮ ಮನೆಗೆ ಬಂದಿದ್ದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ನನ್ನ ಚಿಕ್ಕಮ್ಮ ಯಶೋಧರಾ ಮೌಶಿಯ ಮುಂದೆ ಕುಳಿತು ಹಿಂದಿನ ದಿನದ ಸಂಗತಿ ಹೇಳಿದಳು. ಬೆದರಿಕೆ ಎದುರಾದಾಗ ನಡುಮೆದುಳು ಹೇಗೆ ಸ್ಪಂದಿಸುತ್ತದೆಂದು ಡಾಕ್ಟರ್ ಶುಭಮ್ ಅಧ್ಯಯನ ನಡೆಸಿದ್ದರು. ಯಂತ್ರದೊಳಗೆ ಮಲಗಿದವರಿಗೆ ಮುಖದ ಮೇಲಿನ ಪುಟ್ಟ ಕನ್ನಡಿಯಲ್ಲಿ, ಕಾಲಿನ ಕಡೆಯ ಪರದೆ ಕಾಣುತ್ತದೆ. ಪರದೆಯ ಮೇಲೆ ತೋಳ ಬರುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ತೋಳ. ಒಳಗೆ ಲೋಹ ಒಯ್ಯುವಂತಿಲ್ಲ. ಅಧ್ಯಯನಕ್ಕೆಂದು ಬಂದಿದ್ದ ಮೂಡಲಗಿಯ ಕುರುಬರ ಮುದುಕಿ ಕೆಂಪವ್ವ ಅಳುತ್ತಲೇ ಕೊರಳಿನ ಬೆಳ್ಳಿ ತಾಯತ ಬಿಚ್ಚಿಕೊಟ್ಟಿದ್ದಳು. ಪರದೆಯ ಬಾಜೂ ಇದ್ದ ಗಾಜಿನ ಕಿಟಕಿಯ ಆಚೆ, ಸಾಹಿರಾ ಕೂರುವ ಕೋಣೆಯ ಮೇಜಿನ ಮೇಲೆ ಅದನ್ನು ಇಟ್ಟಿದ್ದರು. ಮುದುಕಿ ಹೊರಬರುವಷ್ಟರಲ್ಲಿ ಅದು ಮಾಯ. ಸಾಹಿರಾ ಕಂಪ್ಯೂಟರಿನಲ್ಲಿ ಮುಳುಗಿದ್ದಾಗ ಡಾಕ್ಟರೂ ಕೆಂಪವ್ವನ ಕಿರಿಯ ಮಗ ಮಾಳುವೂ ಅವಳ ಬೆನ್ನ ಹಿಂದೆ ಬಂದು ಹೋಗಿದ್ದರು.

"ಇವತ್ತ ಸಂಜಿ ಒಳಗ ಸಿಗಲಿಲ್ಲಂದ್ರ ಕೆಲಸಕ್ಕ ಬರಬ್ಯಾಡ ಅಂತ ಡಾಕ್ಟ್ರು ಅಂದಾರ್ರಿ, ಅಕ್ಕಾರ."

"ಸಂಜಿಗೆ ಅದು ಮುದುಕಿ ಕೊರಳಾಗ ಇರತೈತಿ," ಎಂದು ಮೌಶಿ ಮಾತು ಕೊಟ್ಟಳು.

ಸೆಂಟರಿನಲ್ಲಿ ಡಾಕ್ಟರು ಮೆದುಳಿನ ಚಿತ್ರಗಳನ್ನು ತೋರಿಸಿ ಬೇಸರಪಟ್ಟರು. ತೋಳ ಬಂದಾಗ ಈ ಮುದುಕಿಯ ನಡುಮೆದುಳು ಹೆಚ್ಚುಕಡಿಮೆ ತಣ್ಣಗಿತ್ತು. ಒಂದೇ ಒಂದು ಸಲ, ಅದೂ ಪರದೆ ಕಪ್ಪಾಗಿದ್ದಾಗ, ಉರಿದೆದ್ದಿತ್ತು. ಯಂತ್ರದ ದೋಷವಿರಬೇಕು ಎಂದರು. ಮೌಶಿ ಹೇಳಿಕಳಿಸಿದ್ದಕ್ಕೆ ಕೆಂಪವ್ವನೂ ಮಾಳುವೂ ಬಂದಿದ್ದರು. ತಾಯತದ ಬಗ್ಗೆ ಕೇಳಿದರೆ ಕೆಂಪವ್ವ ಮುಖ ಆಚೆ ತಿರುಗಿಸಿದಳು. "ಹೋದ್ರ ಹೋಗ್ಲಿ ಬಿಡ್ರಿ. ಹಳೇದು."

ಮೌಶಿ ನನ್ನನ್ನು ಯಂತ್ರದೊಳಗೆ ಮಲಗಿಸಿದಳು. ತೋಳ ಬಂದಾಗ ನನಗೆ ಬೇರೇನೂ ಕಾಣಲಿಲ್ಲ. ಪರದೆ ಕಪ್ಪಾದದ್ದೇ, ದೀಪ ಉರಿಯುತ್ತಿದ್ದ ಕಿಟಕಿ ಕನ್ನಡಿಯಲ್ಲಿ ಮೂಡಿತು. ಮೇಜು ಕಂಡಿತು, ಅದರ ಮೇಲೆ ಮೌಶಿಯ ಕೈ ಕಂಡಿತು.

ಆಮೇಲೆ ಅವಳು ಎಲ್ಲರನ್ನೂ ಆ ಮೇಜಿನ ಸುತ್ತ ಸೇರಿಸಿದಳು.

"ಡಾಕ್ಟ್ರ, ನಿಮ್ಮ ಚಿತ್ರ ಯಾರನ್ನೂ ಕಳ್ಳ ಅನ್ನೂದಿಲ್ಲ. ಯಾವ ಗಳಿಗಿ ನೋಡಬೇಕು ಅನ್ನೂದಷ್ಟ ಹೇಳತೈತಿ. ಆ ಗಳಿಗ್ಯಾಗ ಈಕಿ ಕನ್ನಡ್ಯಾಗ ಕಳವು ಕಂಡಾಳ. ಬಿಚ್ಚುವಾಗ ಅತ್ತಾಕಿ, ಕಳದಮ್ಯಾಗ ಹುಡುಕಲಿಲ್ಲ. ಸಾಹಿರಾ ಆಗಲಿ ನೀವಾಗಲಿ ತಗೊಂಡಿದ್ರ ಅಲ್ಲೇ ಒದರತಿದ್ಲು. ಹಂಗಾದ್ರ ಯಾರ ಸಲುವಾಗಿ ಬಾಯಿ ಮುಚ್ಚಿದ್ಲು?"

ಮಾಳು ತಲೆ ತಗ್ಗಿಸಿ ಅಂಗಿಯ ಒಳಜೇಬಿನಿಂದ ತಾಯತ ತೆಗೆದಿಟ್ಟ. ತನ್ನ ಹೆಂಡತಿಗೆ ಮಕ್ಕಳಾಗಿಲ್ಲ, ಈ ತಾಯತ ಕಟ್ಟಿದರೆ ಆದೀತೆಂಬ ನಂಬಿಕೆ, ಅವ್ವ ಇದನ್ನು ಅಣ್ಣನ ಕೂಸಿಗೆ ಕಟ್ಟಿಬಿಡುತ್ತಾಳೆಂದು ಹೆದರಿದೆ ಎಂದ.

"ಕೇಳಿದ್ರ ಇಲ್ಲಂತಿದ್ನೇನೋ ಮಾಳ್ಯಾ?" ಎಂದಳು ಕೆಂಪವ್ವ. ಆಮೇಲೆ ಸಾಹಿರಾಳ ಕಡೆ ತಿರುಗಿ, "ಈ ಹುಡುಗಿ ಕೆಲಸ ಹೋಗಾಕತ್ತಿತ್ತು. ನಾನೂ ನೋಡಕೋತ ಕುಂತೆ," ಎಂದಳು.

ಡಾಕ್ಟರು ಸಾಹಿರಾಳ ಕ್ಷಮೆ ಕೇಳಿ, ನಾಳೆ ಬೇಗ ಬಾ ಎಂದರು. ಕೆಂಪವ್ವ ತಾಯತವನ್ನು ಸಾಹಿರಾಳ ಅಂಗೈಯಲ್ಲಿಟ್ಟು, ಅವಳ ಮುಂದೆ ಕೊರಳು ಬಾಗಿಸಿದಳು.

"ಗಂಟು ನೀನ ಹಾಕವ್ವಾ."

ಸಾಹಿರಾ ದಾರದ ಎರಡೂ ತುದಿ ಹಿಡಿದು ಎಳೆದಳು. ಗಂಟು ಬಿಗಿಯಾಗಿ ಬಿತ್ತು. ಹೊರಗೆ ಇನ್ನೂ ಬಿಸಿಲಿತ್ತು.