ಹೊಡೆಯುವವನ ಪಾಲು, ತಡೆಯುವವಳ ಪಾಲು

"ಹಿಡಿ!"

ಅವಳು ಎಸೆದ ಕೋಲನ್ನು ಅವನು ಹಿಡಿಯಲಿಲ್ಲ. ಅದು ಅವನ ಎದೆಗೆ ತಾಗಿ ಸಿಮೆಂಟು ನೆಲದ ಮೇಲೆ ಉರುಳಿತು.

ಏಳು ವರ್ಷ! ಯುದ್ಧಕ್ಕೆಂದು ಹೋದವನು ಇವತ್ತು ಗರಡಿಯ ಬಾಗಿಲಲ್ಲಿ ನಿಂತಿದ್ದ. ಈಗ ಲಾರಿ ಮೆಕ್ಯಾನಿಕ್. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಕಣ್ಣು ಮಾತ್ರ ಅವೇ...

ಅವಳು ಅವನ ಗುರುಗಳ ಮಗಳು, ಹೊಟ್ಟೆಪಾಡಿಗೆ ದರ್ಜಿ. ಯುದ್ಧಕಾಲದಲ್ಲಿ ದವಸದ ಗೋದಾಮಾಗಿದ್ದ ಗರಡಿಯನ್ನು ಒಬ್ಬಳೇ ಗುಡಿಸಿ ತೊಳೆದಿದ್ದಳು.

ಅಪ್ಪ ಕೋಲುವರಸೆಯನ್ನು ಎರಡು ಪಾಲು ಮಾಡಿ ಕಲಿಸುತ್ತಿದ್ದರು. ಒಬ್ಬರಿಗೆ ಹೊಡೆಯುವುದು, ಇನ್ನೊಬ್ಬರಿಗೆ ತಡೆಯುವುದು. ಅಭ್ಯಾಸ ಜೊತೆಯಲ್ಲಿ, ಪಾಠ ಮಾತ್ರ ಬೇರೆ ಬೇರೆ ಕೋಣೆಯಲ್ಲಿ. ಒಬ್ಬರ ಪಾಠವನ್ನು ಇನ್ನೊಬ್ಬರ ಕಿವಿಗೆ ಹಾಕುವಂತಿರಲಿಲ್ಲ. ಯುದ್ಧ ಅಪ್ಪನನ್ನು ನುಂಗಿತು, ಶಿಷ್ಯರನ್ನೂ ನುಂಗಿತು. ಉಳಿದದ್ದು ತಡೆಯುವ ಇವಳು, ಹೊಡೆಯುವ ಅವನು.

"ನನ್ನಿಂದಾಗಲ್ಲ," ಅಂದ ಅವನು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಚಿಕ್ಕಮ್ಮ ತಲೆಯೆತ್ತಿದಳು. "ಏನಪ್ಪಾ, ಲಾರಿ ಚಕ್ರ ಎತ್ತೋ ಕೈಗೆ ಕೋಲು ಭಾರವಾಯ್ತಾ?"

ಅವನು ನಗಲಿಲ್ಲ. ಕೋಲು ಎಸೆದವಳು ಸಿಡಿದೆದ್ದಳು.

"ದೊಡ್ಡ ಯುದ್ಧ ನೋಡಿ ಬಂದವನಲ್ವಾ! ನಮ್ಮ ವಿದ್ಯೆ ಈಗ ಮಕ್ಕಳಾಟದ ಹಾಗೆ ಕಾಣುತ್ತೆ. ಹೋಗು! ಅಪ್ಪನ ಜೊತೆ ಅದೂ ಸಾಯ್ಲಿ."

"ಹಾಗಲ್ಲ ಕಣೇ!" ಅವನ ದನಿ ಒಡೆಯಿತು. "ಗುರುಗಳು ನನಗೆ ಹೇಳಿಕೊಟ್ಟಿದ್ದು ಒಂದೇ ಮಾತು. ಏಟು ಮೈಯಿಂದ ಒಂದು ಬೆರಳು ದೂರದಲ್ಲಿ ನಿಲ್ಲಬೇಕು. ನಿಲ್ಲಿಸದೇ ಹೋದ್ರೆ ಎದುರಿನವರ ಜೀವ ನಿನ್ನ ತಲೆ ಮೇಲೆ ಅಂತ. ಅಲ್ಲಿ ನನಗೆ ನಿಲ್ಲಿಸೋದನ್ನೇ ಮರೆಸಿಬಿಟ್ರು... ಈ ಕೈನ ನಿನ್ನ ಮೇಲೆ ಹೇಗೆ ಎತ್ತಲಿ?"

ಅವಳು ದಂಗಾದಳು. ಇದಕ್ಕಾ... ಇಷ್ಟಕ್ಕಾ ನಾನು ಇವನನ್ನು ಬೈದದ್ದು?

"ನನಗೆ ಅಪ್ಪ ಏನು ಹೇಳಿಕೊಟ್ರು ಗೊತ್ತಾ? ಎದುರಿನವನು ನಿಲ್ಲಿಸ್ತಾನೆ ಅಂತ ಒಂದು ದಿನವೂ ನಂಬಬೇಡ. ಏಟು ಬಂದೇ ಬರುತ್ತೆ, ತಡಿ ಅಂತ!"

"ಅಂದ್ರೆ... ಅಷ್ಟು ವರ್ಷ?"

"ನೀನು ನಿಲ್ಲಿಸ್ತಿದ್ದೆ, ನಾನು ತಡೀತಿದ್ದೆ. ಪೆದ್ದ! ನನ್ನ ಜೀವ ನಿನ್ನೊಬ್ಬನ ಕೈಲಿ ಯಾವತ್ತಿತ್ತು?"

ಅವನು ಬಗ್ಗಿ ಕೋಲೆತ್ತಿಕೊಂಡ. ಅವಳೂ ತನ್ನ ಕೋಲು ಅಡ್ಡ ಹಿಡಿದಳು. ಮೊದಲ ಏಟು ಅಳುಕುತ್ತಲೇ ಬಂತು. ಎರಡನೆಯದೂ ಹಾಗೇ. ಮೂರನೆಯದು ನಿಲ್ಲಲಿಲ್ಲ...

ಠಕ್!

ಅವಳ ಮಣಿಕಟ್ಟು ಜುಮ್ಮೆಂದಿತು. ಆದರೆ ಪಾದ ಒಂದಿಂಚೂ ಕದಲಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

"ನೋವಾಯ್ತಾ?"

"ಆಯ್ತು. ಇನ್ನೊಂದು ಹೊಡಿ."

ಅವನು ಹೊಡೆಯಲಿಲ್ಲ. ಕೋಲಿಗೆ ಕೋಲು ಒತ್ತಿ ಹಾಗೇ ನಿಂತ. ಚಿಕ್ಕಮ್ಮ ಸದ್ದಿಲ್ಲದೆ ಎದ್ದು ಒಳಗೆ ಹೋದಳು.

"ನನಗೆ ನಿನ್ನ ಬಿಟ್ರೆ ಯಾರೂ ಇಲ್ಲ ಕಣೇ. ಅದಕ್ಕೇ ಅಷ್ಟು ಹೆದರಿಕೆ."

"ನನಗೂ ಇದೆ," ಅಂದಳು, ಕಣ್ಣು ತುಂಬಿಕೊಂಡು. "ಹೆದರೋದಿದ್ರೆ ಇಲ್ಲೇ ಇದ್ದು ಹೆದರು."