ಆ ಬದುವಿನ ಅಣ್ಣೆ ಸೊಪ್ಪು

"ಮುಟ್ಬೇಡಿ ಕಣ್ರೀ! ಕೆಳಕ್ಕೆ ಹಾಕಿ ಅದನ್ನ!"

ಸಂಘಮಿತ್ರ ಬೆಚ್ಚಿ ತಲೆಯೆತ್ತುವಷ್ಟರಲ್ಲಿ ಯಾರೋ ಒಬ್ಬ ಓಡಿಬಂದು ಕೈಚೀಲ ಕಿತ್ತುಕೊಂಡಿದ್ದ. ಬೆಳಗಿನಿಂದ ಬಗ್ಗಿ ಬಗ್ಗಿ ಕಿತ್ತಿದ್ದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಎಲ್ಲಾ ನೆಲಕ್ಕೆ ಸುರಿದು ತುಳಿದೇಬಿಟ್ಟ!

ಅಲ್ಲಾ, ಬೀಚನಹಳ್ಳಿ ಕಡೆ ಬದುವಿನ ಸೊಪ್ಪು ಕೀಳೋಕೆ ಯಾರಾದರೂ ಅಪ್ಪಣೆ ಕೇಳೋದುಂಟಾ? ಬೆಳೆ ಮುಟ್ಟಬಾರದು, ಅಷ್ಟೇ. ಅವಳ ಅಜ್ಜಿ ಕಾಲದಿಂದಲೂ ಹಾಗೇ!

"ಯಾರ್ರೀ ನೀವು? ಬದಿನ ಸೊಪ್ಪಿಗೂ ಕಾವಲಾ?"

"ನಾನು ಮಾದೇಶ, ಈ ಹೊಲದ ಆಳು. ನಿನ್ನೆ ಇಲ್ಲಿ ಕಳೆ ಔಷಧಿ ಹೊಡ್ದವ್ರೆ!"

ಸಂಘಮಿತ್ರಳಿಗೆ ಮೈ ಉರಿದುಹೋಯಿತು. ಸೊಪ್ಪು ಕೀಳುವವರನ್ನು ಓಡಿಸಲು ಹೊಲದವರೆಲ್ಲ ಹೇಳುವ ಸುಳ್ಳು ಇದೇ ತಾನೇ? ಎಲೆ ನೋಡಿದರೆ ಹಸಿರಾಗಿ ನಳನಳಿಸುತ್ತಿತ್ತು.

"ನನ್ ಕಿವಿ ಮೇಲೆ ಹೂ ಮಡಗ್ತೀರಾ? ಔಷಧಿ ಬಿದ್ದಿದ್ರೆ ಹಿಂಗಿರ್ತಿತ್ತಾ?"

"ಬಾಡಕ್ಕೆ ನಾಕ್ ದಿನ ಬೇಕು! ಕೇಳಿಲ್ಲಿ..."

ಅವಳೆಲ್ಲಿ ಕೇಳ್ತಾಳೆ? ಚೀಲ ಕಸಿದುಕೊಂಡು ಸರಸರ ನಡೆದಳು. ತಳದಲ್ಲಿ ಇನ್ನೂ ಎರಡು ಹಿಡಿ ಸೊಪ್ಪಿತ್ತು. "ಅಯ್ಯೋ, ಅದನ್ನೂ ಚೆಲ್ರೀ!" ಎಂದು ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ಅವಳು ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಅವ್ವ ಚೆಲುವಮ್ಮ ಆ ಎರಡು ಹಿಡಿಯಲ್ಲೇ ಮಸ್ಸೊಪ್ಪು ಮಾಡಿ, ಮುದ್ದೆ ಇಟ್ಟುಕೊಂಡು ಕೂತಿದ್ದಳು.

'ಎಷ್ಟು ಕೊಬ್ಬು ಅವನಿಗೆ! ಆದರೂ... ಆ ಕಣ್ಣಲ್ಲಿ ಅಷ್ಟೊಂದು ಗಾಬರಿ ಯಾಕಿತ್ತು?' ಸಂಘಮಿತ್ರ ಯೋಚಿಸುತ್ತಿದ್ದಳು.

ಬಾಗಿಲು ಧಡ್ ಅಂತು. ಮಾದೇಶ! ಏದುಸಿರು, ಮೈಯೆಲ್ಲಾ ಬೆವರು.

"ಅಮ್ಮಾ, ಉಂಡ್ಬುಟ್ರಾ?"

ಚೆಲುವಮ್ಮನ ಕೈಯಲ್ಲಿ ತುತ್ತು ಹಾಗೇ ನಿಂತಿತು. "ಇಲ್ಲ ಕಣಪ್ಪ, ಈಗಿನ್ನೂ..."

"ಎರಡು ಹಿಡಿ ಸೊಪ್ಪಿಗೆ ಮನೆವರ್ಗೂ ಬಂದ್ರಾ?" ಸಂಘಮಿತ್ರ ಸಿಡಿದಳು.

ಅವನು ಅವ್ವನ ತಟ್ಟೆ ಎಳೆದುಕೊಂಡು ನೆಲದ ಮೇಲೆ ಕೂತ. "ನನ್ ಮಾತು ನಂಬಲ್ಲ ಅಲ್ವಾ? ಸರಿ ಬುಡಿ. ಮೊದ್ಲು ನಾನೇ ಉಣ್ತೀನಿ. ನನಗೇನೂ ಆಗ್ದಿದ್ರೆ ಆಮ್ಯಾಕೆ ನಿಮ್ಮವ್ವಂಗಿಕ್ಕಿ."

ಮುದ್ದೆ ಮುರಿದ. ಸಾರಿನಲ್ಲಿ ಅದ್ದಿದ. ಸುಳ್ಳು ಹೇಳುವವನು ಇದನ್ನು ಬಾಯಿಗಿಡ್ತಾನಾ? ತುತ್ತು ತುಟಿಗೆ ಬಂತು!

"ಬ್ಯಾಡಾ!"

ಸಂಘಮಿತ್ರ ಅವನ ಕೈಗೆ ಹೊಡೆದಳು. ತುತ್ತು ಗೋಡೆಗೆ ಬಡಿಯಿತು. ಮತ್ತೆ ತಟ್ಟೆಗೆ ಹೋಗದಂತೆ ಅವಳು ಹಿಡಿದ ಅವನ ಕೈ ಕೆಂಡದ ಹಾಗೆ ಸುಡುತ್ತಿತ್ತು.

"ಹುಚ್ಚಾ ನಿಮ್ಗೆ? ಜ್ವರ ಬೇರೆ!" ಅವಳಿಗೆ ಅಳುವೇ ಬಂತು. ಹೆತ್ತವ್ವನಿಗೆ ತನ್ನ ಕೈಯಾರೆ ವಿಷ ತಂದುಕೊಟ್ಟಿದ್ದಳಲ್ಲಾ!

"ಈ ಜ್ವರದಿಂದ್ಲೇ ಇಷ್ಟೆಲ್ಲಾ ಆಗಿದ್ದು. ಔಷಧಿ ಹೊಡಿಯೋನು ನಾನೇ. ಎರಡು ವರ್ಷದಿಂದ ಆ ಬದ ಒಂದನ್ನ ಬುಟ್ಟು ಹೊಡೀತಿದ್ದೆ. ನಿನ್ನೆ ನಾನ್ ಮಲಗ್ಬುಟ್ಟೆ... ಧಣಿ ಬೇರೆಯೋರ್ನ ಕರ್ಸಿ ಪೂರಾ ಹೊಡ್ಸವ್ರೆ."

"ಯಾಕೆ ಬುಡ್ತಿದ್ರಿ?"

ಅವನು ತಲೆ ತಗ್ಗಿಸಿದ. "ನೀವ್ ಬತ್ತೀರಲ್ಲ... ಅದ್ಕೆ."

ಚೆಲುವಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಹಿತ್ತಲಲ್ಲಿ ಗುಂಡಿ ತೋಡಿ ಸುರಿಯಲು ಹೋದಳು. ಬೇಗ ಬರಲೂ ಇಲ್ಲ, ಜಾಣೆ!

"ಇನ್ ಆ ಬದಿನ ಸೊಪ್ಪು ನಂಗಿಲ್ಲ, ಅಲ್ವಾ?"

ಮಾದೇಶ ಜೇಬಿನಿಂದ ಪೇಪರ್ ಪೊಟ್ಟಣ ತೆಗೆದ. ಒಳಗೆ ಮಿರಮಿರ ಮಿಂಚುವ ಸಣ್ಣ ಕರಿ ಬೀಜ. "ಅಣ್ಣೆ ಬೀಜ. ಹೋದ್ ವರ್ಷ ಅಲ್ಲೇ ಉದುರಿಸ್ಕಂಡಿದ್ದೆ, ನಿಮ್ ಹಿತ್ತಲಿಗೆ ಅಂತ. ಕೊಡಕ್ಕೆ ಧೈರ್ಯ ಬರ್ನಿಲ್ಲ."

ಅವಳು ಪೊಟ್ಟಣ ತಗೊಂಡಳು. ಅವನ ಕೈ ಮಾತ್ರ ಬಿಡಲಿಲ್ಲ.

"ಒಬ್ಳೇ ಪಾತಿ ಮಾಡಕ್ಕಾಗಲ್ಲ ನಂಗೆ."

"ನಾನ್ ಬತ್ತೀನಿ."

"ಔಷಧಿ ಕ್ಯಾನ್ ತರಂಗಿಲ್ಲ!"

"ತರಲ್ಲ."

"ದಿನಾ ಇಲ್ಲೇ ಉಣ್ಬೇಕು."

"ದಿನಾ ಅಂದ್ರೆ... ಎಲ್ಲೀವರ್ಗೂ?"

"ಸೋಪಾಕಿ ಕೈ ತೊಳ್ಕಳ್ರೋ ಇಬ್ರೂ!" ಹಿತ್ತಲಿಂದ ಅವ್ವನ ಕೂಗು.

ಸಂಘಮಿತ್ರ ಕಣ್ಣೊರೆಸಿಕೊಂಡು ನಕ್ಕಳು. "ಜೀವ ಇರೋವರ್ಗೂ. ಇವತ್ತು ಬರೀ ಮುದ್ದೆ, ಉಪ್ಪು ಖಾರ. ಆಯ್ತದಾ?"

"ನೀವ್ ಇಕ್ಕಿದ್ರೆ ಆಯ್ತದೆ."